ಬೆರ್ಚಪ್ಪನ ಮೀಸೆ

ಅಣ್ಣನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಬುದ್ಧಿ ಕಲಿಸುವ ಕೆಲಸದಲ್ಲಿದ್ದಾನೆ. ಊರಿಗೆ ಬಂದಾಗಲೆಲ್ಲ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಹೆದರಿಸುವುದು ಅವನ ಪದ್ಧತಿ. ಈ ದೀಪಾವಳಿಗೆ ಬಂದವನು, 'ಚಿಕ್ಕಪ್ಪ, ಇನ್ನು ಹತ್ತು ವರ್ಷದಲ್ಲಿ ನಮ್ಮ ಕೆಲಸವನ್ನೆಲ್ಲ ಯಂತ್ರಗಳೇ ಕಿತ್ತುಕೊಳ್ತವೆ' ಎಂದ. ನಾನು ನಿವೃತ್ತನಾಗಿ ನಾಲ್ಕು ವರ್ಷವಾಯಿತು. ನನ್ನ ಪಾಲಿಗೆ ಉಳಿದಿರುವ ಕೆಲಸ ಎರಡು: ಬೆಳಿಗ್ಗೆ ಹಾಲು ತರುವುದು, ಸಂಜೆ ಹೆಂಡತಿ ಹೇಳಿದ ಸೊಪ್ಪು ಬಿಟ್ಟು ಬೇರೆ ಸೊಪ್ಪು ತಂದು ಬೈಸಿಕೊಳ್ಳುವುದು. ಎರಡನೆಯದನ್ನು ಯಂತ್ರ ಕಿತ್ತುಕೊಳ್ಳುವುದಾದರೆ ಎಲೆ ಅಡಿಕೆ ಇಟ್ಟು ಒಪ್ಪಿಸಿಬರುತ್ತೇನೆ ಎಂದೆ. ಅವನು ನಗಲಿಲ್ಲ. ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಅವರೇ 2023ರಲ್ಲಿ ಗೂಗಲ್ ಬಿಟ್ಟು ಬಂದು, ಇದು ಅಪಾಯ ಎಂದು ಸಾರತೊಡಗಿದರಂತೆ. ಮರುವರ್ಷ ಅದೇ ವಿದ್ಯೆಗಾಗಿ ಅವರಿಗೆ ನೊಬೆಲ್ ಬಂತು. ಮಗನ ಮೇಲೆ ದೂರು ಕೊಡಲು ಹೋದ ಅಪ್ಪನಿಗೆ ಶಾಲು ಹೊದಿಸಿ ಕಳಿಸಿದ ಹಾಗೆ.

ನನಗೆ ಮಾತ್ರ ನೆನಪಾದದ್ದು ಅಪ್ಪಯ್ಯ. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಗದ್ದೆಬಯಲಿನಲ್ಲಿ ಬಿದ್ದಂಬೀಳ ಓಡುತ್ತಿದ್ದ ಅಪ್ಪಯ್ಯ.

ನನಗಾಗ ಒಂಬತ್ತು ವರ್ಷ. ತೆನೆ ಬಲಿತಿತ್ತು, ಹಂದಿ, ಮಂಗಗಳ ಕಾಟ. ಅಪ್ಪಯ್ಯ ಎರಡು ಬಿದಿರಿನ ಗಳು ಅಡ್ಡ ಕಟ್ಟಿ, ಹುಲ್ಲು ತುಂಬಿ, ತನ್ನದೇ ಹಳೆಯ ಗೀಟಿನ ಅಂಗಿ ತೊಡಿಸಿ ಬೆರ್ಚಪ್ಪನನ್ನು ಮಾಡಿದ. ಮಸಿ ಹಿಡಿದ ಮಡಕೆಯೇ ತಲೆ. ನಾನು ಮಡಕೆ ಹಿಡಿದುಕೊಂಡೆ, ಅವನು ಸುಣ್ಣದಲ್ಲಿ ಕಣ್ಣು, ಮೂಗು, ಕೊನೆಗೆ ಮೀಸೆ ಬರೆದ. ಮೀಸೆ ಬರೆಯುವಾಗ ಮಾತ್ರ ಬಹಳ ಹೊತ್ತು ತೆಗೆದುಕೊಂಡ. ಅವನಿಗೆ ಮೀಸೆ ಇರಲಿಲ್ಲ. ಇದ್ದಿದ್ದರೆ ಹೇಗಿರಬೇಕಿತ್ತೋ ಹಾಗೆ ಬರೆದ ಎಂದು ಈಗ ಅನಿಸುತ್ತದೆ. ಮಂಗಗಳು ಎರಡು ದಿನ ಹೆದರಿದವು. ಮೂರನೆಯ ದಿನ ಬೆರ್ಚಪ್ಪನ ಹೆಗಲ ಮೇಲೆ ಕೂತು ಹೇನು ಹೆಕ್ಕಿಕೊಂಡವು.

ಅದೇ ವಾರ ಪಕ್ಕದೂರಲ್ಲಿ ಯಕ್ಷಗಾನದ ಆಟ. ಪ್ರಸಂಗ ಭಸ್ಮಾಸುರ ಮೋಹಿನಿ. ಯಾಣ ನಮ್ಮೂರಿಗೆ ದೂರವೇನಲ್ಲ. ಸೊಕ್ಕಿದ್ದವ ಯಾಣಕ್ಕೆ ಹೋಗಬೇಕು, ರೊಕ್ಕಿದ್ದವ ಗೋಕರ್ಣಕ್ಕೆ ಎಂದು ಗಾದೆ ಹೇಳುತ್ತ ಬೆಳೆದವರು ನಾವು. ಭಸ್ಮಾಸುರ ಸುಟ್ಟ ಬೆಂಕಿಗೇ ಅಲ್ಲಿಯ ಬಂಡೆಗಳು ಕಪ್ಪಾದವು ಎಂಬುದು ನಮಗೆ ಪುರಾಣವಲ್ಲ, ನೆಂಟರ ಮನೆಯ ಸುದ್ದಿ. ಯಾರ ತಲೆ ಮುಟ್ಟಿದರೂ ಅವರು ಬೂದಿಯಾಗುವ ವರ ಪಡೆದವನು ಮೊದಲು ವರ ಕೊಟ್ಟವನ ತಲೆಗೇ ಕೈ ಚಾಚುತ್ತಾನೆ. ಶಿವ ಮಾಡಿದ್ದು ಅಸುರನನ್ನಲ್ಲ, ಅವನ ಕೈಯನ್ನು ಮಾತ್ರ, ಅಷ್ಟಕ್ಕೇ ಓಡಬೇಕಾಯಿತು. ಚಂಡೆಯ ಏರಿಗೆ ಶಿವನ ವೇಷ ರಂಗಸ್ಥಳದಲ್ಲಿ ಮೂರು ಸುತ್ತು ಓಡಿದಾಗ ಅಪ್ಪಯ್ಯ ತೊಡೆ ತಟ್ಟಿಕೊಂಡು ನಕ್ಕ. ಮಾಡಿದ್ದುಣ್ಣಲಿ ಎನ್ನುವ ನಗು.

ಎರಡನೆಯ ಪ್ರಸಂಗಕ್ಕೆ ಕಾಯದೆ ಹೊರಟೆವು. ದಾರಿಯಲ್ಲಿ ಸೂಡಿ ಆರಿತು. ಮಂಜು ಮುಸುಕಿದ ಬೆಳದಿಂಗಳು. ಗದ್ದೆಯ ನಡುವೆ ಎರಡೂ ಕೈ ಚಾಚಿ ಒಬ್ಬ ನಿಂತಿದ್ದ. ಅಪ್ಪಯ್ಯ 'ಯಾರಾ ಅದು?' ಎಂದ. ಉತ್ತರವಿಲ್ಲ. ಗಾಳಿ ಬೀಸಿತು, ಒಂದು ಕೈ ಸ್ವಲ್ಪ ಮೇಲೆದ್ದಿತು. ಆಮೇಲೆ ಅಪ್ಪಯ್ಯ ಕಿತ್ತ ಓಟಕ್ಕೆ ಶಿವನ ವೇಷದವನೂ ನಾಚಬೇಕಿತ್ತು. ನನಗೆ ಅದು ಬೆರ್ಚಪ್ಪ ಎಂದು ಗೊತ್ತಿತ್ತು. ಆದರೂ ಓಡಿದೆ, ಅಪ್ಪ ಓಡುವಾಗ ಮಗ ನಿಂತು ವಿಚಾರ ಮಾಡುವುದುಂಟೆ? ಮನೆಗೆ ಬಂದು ಅಪ್ಪಯ್ಯ ಆಯಿಯ ಹತ್ತಿರ, ಹಂದಿ ಅಟ್ಟಿಸಿಕೊಂಡು ಬಂತು ಎಂದ. ಬೆಳಿಗ್ಗೆ ಚಪ್ಪಲಿ ಹುಡುಕಲು ಹೋದವ ಬೆರ್ಚಪ್ಪನ ಮೀಸೆಯನ್ನು ಒರೆಸಿ ಬಂದ.

ದೊಡ್ಡವನಾದ ಮೇಲೆ ಓದಿದ ಪುಸ್ತಕಗಳಲ್ಲೂ ಓಡುವವನು ಮಾಡಿದವನೇ. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಅದರ ದೂಳಿಗೆ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಕವಿ ಬೈರನ್ ಮತ್ತು ಗೆಳೆಯರು ಮಳೆಗೆ ಸಿಕ್ಕಿ, ತಲೆಗೊಂದು ಭೂತದ ಕತೆ ಬರೆಯೋಣ ಎಂದುಕೊಂಡರು. ಆಷಾಢದಲ್ಲಿ ಹಪ್ಪಳ ಸುಟ್ಟುಕೊಂಡು ನಾವು ಮಾಡುತ್ತಿದ್ದುದೂ ಅದನ್ನೇ. ಅಲ್ಲಿದ್ದ ಹದಿನೆಂಟರ ಹುಡುಗಿ ಮೇರಿ ಶುರುಮಾಡಿದ ಕತೆಯೇ 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಅಚ್ಚಾದ 'ಫ್ರಾಂಕೆನ್‌ಸ್ಟೈನ್'. ಹೆಣದ ತುಂಡುಗಳಿಂದ ಮಾಡಿದ ಜೀವ ಕಣ್ಣು ಬಿಟ್ಟ ಕೂಡಲೇ ವಿಕ್ಟರ್ ಕೋಣೆ ಬಿಟ್ಟು ಓಡುತ್ತಾನೆ. ಅದು ಆಗಿನ್ನೂ ಯಾರ ಮೇಲೂ ಕೈ ಎತ್ತಿರಲಿಲ್ಲ. ಅವನು ಅದಕ್ಕೊಂದು ಹೆಸರನ್ನೂ ಇಡಲಿಲ್ಲ. ನಮ್ಮ ಕೊಟ್ಟಿಗೆಯ ಕರುವಿಗಾದರೂ ಇಡುತ್ತೇವೆ. ಕೊನೆಗೆ ಜನ ಅಪ್ಪನ ಹೆಸರನ್ನೇ ಅದಕ್ಕೆ ಅಂಟಿಸಿದರು.

ಆದರೆ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಆ ಮಳೆಗಾಲಕ್ಕೆ ಒಂದು ವರ್ಷ ಮೊದಲು ಮೇರಿಯ ಚೊಚ್ಚಲ ಕೂಸು ದಿನ ತುಂಬದೆ ಹುಟ್ಟಿ ತೀರಿಹೋಗಿತ್ತು. ಮಗುವಿಗೆ ಬರೀ ಚಳಿಯಾಗಿತ್ತು, ಒಲೆಯ ಮುಂದೆ ಮೈ ತಿಕ್ಕಿದಾಗ ಮತ್ತೆ ಜೀವ ಬಂತು ಎಂದು ಕನಸು ಬಿದ್ದದ್ದನ್ನು ಅವಳು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಲೋಕವನ್ನೇ ಹೆದರಿಸಿದ ಕತೆಯ ಹಿಂದೆ ಇಂಥದ್ದೊಂದು ಕನಸು.

ಅಣ್ಣನ ಮಗನಿಗೆ ಇದು ರುಚಿಸಲಿಲ್ಲ. ಅವನಿಗೆ ರೋಬೋ ಬೇಕು. ಸರಿ, ಅದನ್ನೂ ಹೇಳಿದೆ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಬಂದ ಪದ ಅದು. ಮೂಲದ 'ರೋಬೋಟಾ' ಎಂದರೆ ನಮ್ಮ ಬಿಟ್ಟಿ ಚಾಕರಿ. ನಾಟಕದಲ್ಲಿ ಬಿಟ್ಟಿ ಆಳುಗಳು ತಿರುಗಿಬಿದ್ದು ಮನುಷ್ಯರನ್ನೆಲ್ಲ ಕೊಂದು, ಕಟ್ಟಡ ಕಟ್ಟಿಸುವ ಒಬ್ಬ ಮುದುಕನನ್ನು ಮಾತ್ರ ಉಳಿಸುತ್ತವೆ; ಅವನು ತಮ್ಮ ಹಾಗೆ ಕೈಯಿಂದ ದುಡಿಯುತ್ತಾನೆ ಎಂದು. 'ಹಾಗಾದ್ರೆ ನಾವಿಬ್ರೂ ಹೋದ್ವಿ, ಅಪ್ಪ ಉಳೀತಾನೆ' ಎಂದ ಹುಡುಗ. ಅಷ್ಟರಲ್ಲಿ ಉಳಿಯುವವನು ಕೊಟ್ಟಿಗೆಯಿಂದ, ಕರು ಹಿಡಿಯಲು ಯಾರಾದರೂ ಬನ್ರೋ ಎಂದು ಕೂಗಿದ. ನಾವಿಬ್ಬರೂ ಏಳಲಿಲ್ಲ.

ರಾತ್ರಿ ಊಟವಾದ ಮೇಲೆ ಹುಡುಗ ಅಜ್ಜಿಗೊಂದು ಬೆರಗು ತೋರಿಸಲು ಕೂತ. ಅಪ್ಪಯ್ಯ ಹೋಗಿ ಎಂಟು ವರ್ಷ. ಇರುವ ಫೋಟೋ ಒಂದೇ, ಬೆಳೆಸಾಲದ ಅರ್ಜಿಗೆ ತೆಗೆಸಿದ್ದು. ಮೊಬೈಲಿನಲ್ಲಿ ಅದು ರೆಪ್ಪೆ ಬಡಿಯಿತು, ಕತ್ತು ಹೊರಳಿಸಿತು, ಹಲ್ಲು ತೋರಿಸಿ ನಕ್ಕಿತು. ನನ್ನ ಮೈ ಜುಮ್ಮೆಂದಿತು. ಆಯಿ ಕನ್ನಡಕ ಒರೆಸಿಕೊಂಡು ನೋಡಿದಳು.

'ಇದು ಯಾರಾ?'

'ಅಜ್ಜ.'

'ಸಾಲ ಕೇಳೂಕೆ ಹೋದವ್ರು ಇಷ್ಟು ನಗ್ತಾರಾ? ಇವ್ರಿಗೆ ಇಷ್ಟು ಹಲ್ಲಾದ್ರೂ ಎಲ್ಲಿತ್ತು?'

'ಮಾತೂ ಆಡಿಸ್ಬಹುದು, ಅಜ್ಜಿ.'

'ಎಂತ ಮಾತಾಡ್ತದೆ?'

'ನಾವು ಹೇಳಿಕೊಟ್ಟಿದ್ದು.'

ಆಯಿ ಮೊಬೈಲು ವಾಪಸು ಕೊಟ್ಟಳು. 'ಹಂಗಾದ್ರೆ ಅವ್ರಲ್ಲ ಬಿಡು. ಹೇಳಿದ್ದು ಕೇಳೂ ಜನ ಅಲ್ಲ ಅವ್ರು.'

ಅಣ್ಣ ಈಗಲೂ ಬೆರ್ಚಪ್ಪನನ್ನು ನಿಲ್ಲಿಸುತ್ತಾನೆ. ವರ್ಷಕ್ಕೊಂದರಂತೆ ಅಪ್ಪಯ್ಯನ ಟ್ರಂಕಿನಿಂದ ಅಂಗಿ ತೆಗೆದುಕೊಡುವವಳು ಆಯಿ. ಈ ವರ್ಷದ್ದು ಕೊನೆಯದು, ನೀಲಿ ಗೀಟಿನದು. ಕಾಲರು ಹರಿದಲ್ಲಿ ಹೊಲಿದು ಕೊಟ್ಟಿದ್ದಾಳೆ, ಬೆರ್ಚಪ್ಪನಿಗೆ ಮರ್ಯಾದೆ ಹೋಗಬಾರದೆಂದು. ಮಡಕೆ ಹಿಡಿದುಕೊಂಡವನು ಮತ್ತೆ ನಾನೇ. ಅಣ್ಣ ಮೀಸೆ ಬರೆಯಲು ಹೊರಟಾಗ ಬೇಡ ಎಂದೆ.

ಎಲ್ಲರೂ ಮಲಗಿದ ಮೇಲೆ ಬಚ್ಚಲಿಗೆ ಹೋಗಲು ಹೊರಗೆ ಬಂದೆ. ಗದ್ದೆಯ ಮೇಲೆ ಮಂಜು. ನಡುವೆ ಗೀಟಿನ ಅಂಗಿ ಎರಡೂ ಕೈ ಚಾಚಿಕೊಂಡು ನಿಂತಿತ್ತು. ಮೊಬೈಲಿನ ಬೆಳಕು ಆರಿಸಿದೆ.

'ಯಾರಾ ಅದು?' ಎಂದು ಮೆಲ್ಲಗೆ ಕೇಳಿ, ಸ್ವಲ್ಪ ಹೊತ್ತು ಕಾದೆ.