ಕೇರಿಗೆ ಬಿದ್ದ ಬ್ಯಾಟರಿ ಬೆಳಕು

ಥ್ರಿಲ್ಲರ್ ಸಿನಿಮಾ ಹೇಗೆ ಶುರುವಾಗುತ್ತೆ ಅಂತ ಯಾವ ಕಾಲೇಜು ಹುಡುಗನನ್ನು ಕೇಳಿದರೂ ಹೇಳಿಬಿಡುತ್ತಾನೆ. ರಾತ್ರಿ. ಇಕ್ಕಟ್ಟಾದ ಒಂದು ಗಲ್ಲಿ. ಕೆಟ್ಟುಹೋದ ಬೀದಿದೀಪ. ಬೊಗಳುವ ನಾಯಿ. ತಗಡಿನ ಬಾಗಿಲು, ಕೊಳಚೆ ನೀರು. ಒಳ್ಳೆ ಬಟ್ಟೆ ತೊಟ್ಟವರೊಬ್ಬರು ಬಿರಬಿರನೆ ನಡೆದು ಬರುತ್ತಾರೆ, ಹಿಂದಿನಿಂದ ಕಪ್ಪನೆಯ ಒಬ್ಬ ಆಸಾಮಿ ಬರುತ್ತಾನೆ. ಕುರ್ಚಿಯಲ್ಲಿ ಕೂತವರ ಎದೆ ಡವಡವ ಅನ್ನುತ್ತದೆ. ಟಿಕೆಟ್ಟಿನ ದುಡ್ಡು ಅಲ್ಲಿಗೆ ವಸೂಲಾಯಿತು.

ಆ ಗಲ್ಲಿಯಲ್ಲಿ ಯಾರ ಮನೆಗಳಿವೆ? ಆ ತಗಡಿನ ಬಾಗಿಲ ಹಿಂದೆ ಯಾರು ಮಲಗಿದ್ದಾರೆ? ಇದನ್ನು ಕ್ಯಾಮರಾ ಕೇಳುವುದಿಲ್ಲ. ಅಲ್ಲಿ ಮಲಗಿರುವವರು ನಾವು ಗೆಳೆಯರೆ. ನಮ್ಮವ್ವ, ನಮ್ಮಪ್ಪ, ನಮ್ಮ ತಂಗಿ. ಯಾರೋ ಹೆದರುವುದಕ್ಕೆ ನಮ್ಮ ಮನೆ ಬಾಡಿಗೆಯಿಲ್ಲದ ಸೆಟ್ಟು. ನಮ್ಮ ಮೈಬಣ್ಣ ಖರ್ಚಿಲ್ಲದ ಮೇಕಪ್ಪು.

ನಾವು ಐದು ಜನ. ಎಲ್ಲರೂ ಸರ್ಕಾರಿ ಹಾಸ್ಟೆಲ್ಲಿನಲ್ಲಿ ಉಂಡು ಪದವಿ ಓದುತ್ತಿರುವವರು, ಇಬ್ಬರು ಹೆಣ್ಣುಮಕ್ಕಳು. ಪತ್ರಿಕೋದ್ಯಮದ ತರಗತಿಯಲ್ಲಿ ನಮಗೊಂದು ಕೆಲಸ ಕೊಟ್ಟರು. ಪೂರ್ತಿ ಕತೆ ಬೇಡ, ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ ತೆಗೆದುಕೊಂಡು ಬನ್ನಿ, ನೋಡಿದವನಿಗೆ ಮುಂದೇನು ಅನ್ನುವ ಪ್ರಶ್ನೆ ಹುಟ್ಟಬೇಕು, ಉತ್ತರ ಸಿಗಬಾರದು. ನಮ್ಮ ಹತ್ತಿರ ಇದ್ದದ್ದು ಒಂದು ಮೊಬೈಲು, ಅದರದೇ ಕ್ಯಾಮರಾ. ಕಾಲು ಒಡೆದ ಒಂದು ಸ್ಟ್ಯಾಂಡನ್ನು ಹುರಿಯಿಂದ ಕಟ್ಟಿಕೊಂಡೆವು.

ಮೊದಲು ದೊಡ್ಡವರು ಏನು ಮಾಡಿದ್ದಾರೆ ಅಂತ ನೋಡಿದೆವು. ಜರ್ಮನಿಯ ಫ್ರಿಟ್ಸ್ ಲಾಂಗ್ 1931ರಲ್ಲಿ 'ಎಂ' ಅನ್ನುವ ಚಿತ್ರ ತೆಗೆದ. ಅದರಲ್ಲಿ ಮಕ್ಕಳನ್ನು ಕೊಲ್ಲುವವನು ಮೊದಲು ಬರುವುದು ನೆರಳಾಗಿ, ಒಂದು ಸಿಳ್ಳೆಯಾಗಿ. ಕೊಲೆ ನಮಗೆ ಕಾಣುವುದೇ ಇಲ್ಲ. ಹುಲ್ಲಿನ ಮೇಲೆ ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು, ಅಷ್ಟೆ. ಆರ್ಸನ್ ವೆಲ್ಸ್ 1958ರ 'ಟಚ್ ಆಫ್ ಈವಿಲ್' ಚಿತ್ರದ ಮೊದಲಿಗೇ ಒಂದು ಕಾರಿನ ಡಿಕ್ಕಿಯಲ್ಲಿ ಬಾಂಬು ಇಡಿಸುತ್ತಾನೆ. ಆಮೇಲೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಕ್ಯಾಮರಾ ಎಲ್ಲೂ ಕತ್ತರಿಸದೆ ಬೀದಿಯುದ್ದಕ್ಕೂ ಆ ಕಾರಿನ ಜಾಡು ಹಿಡಿಯುತ್ತದೆ.

ಈ ಲೆಕ್ಕವನ್ನು ಹಿಚ್‌ಕಾಕ್ 1962ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರೂಫೋನ ಜೊತೆ ಮಾತಾಡುವಾಗ ಬಿಡಿಸಿ ಹೇಳಿದ್ದಾನೆ. ಮೇಜಿನ ಸುತ್ತ ಜನ ಕೂತು ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಬಾಂಬು ಸಿಡಿದರೆ ನೋಡುವವನಿಗೆ ಹದಿನೈದು ಸೆಕೆಂಡಿನ ಗಾಬರಿ. ಮೇಜಿನ ಕೆಳಗೆ ಬಾಂಬಿದೆ ಅಂತ ಅವನಿಗೆ ಮೊದಲೇ ತೋರಿಸಿಬಿಟ್ಟರೆ ಹದಿನೈದು ನಿಮಿಷದ ತಳಮಳ. ಕೂತವರಿಗೆ ಗೊತ್ತಿಲ್ಲ, ನೋಡುವವನಿಗೆ ಗೊತ್ತು. ಆ ವ್ಯತ್ಯಾಸದಲ್ಲಿ ಥ್ರಿಲ್ಲರ್ ಇದೆ.

ಇದನ್ನು ಓದಿದಾಗ ನಮ್ಮಲ್ಲೊಬ್ಬಳು ಅಂದಳು: "ನಮ್ ಕತೆ ಉಲ್ಟಾ ಅಲ್ವೇನ್ರೋ? ಮೇಜಿನ ಕೆಳಗೆ ಬಾಂಬಿರೋದು ಕೂತಿರೋ ನಮಗೆ ಗೊತ್ತು. ನೋಡೋ ಊರಿಗೇ ಗೊತ್ತಿಲ್ಲ." ಆ ಮಾತು ನಮ್ಮ ಜೊತೆ ಬಸ್ಸಿನಲ್ಲೂ ಬಂತು, ಊಟದ ತಟ್ಟೆಯ ಮುಂದೆಯೂ ಕೂತಿತು.

ಆ ಹೊತ್ತಿಗೆ ತಿಳಿದವರೊಬ್ಬರು ನಮಗೆ ಸಲಹೆ ಕೊಟ್ಟರು. ನಿಮ್ಮ ಕೇರಿಯಲ್ಲೇ ತೆಗೆಯಿರಿ, ಲೊಕೇಶನ್ ಸೊಗಸಾಗಿರುತ್ತೆ. ನಿಮ್ಮಲ್ಲಿ ಎಲ್ಲರಿಗಿಂತ ಕಪ್ಪಗಿರೋ ಹುಡುಗನನ್ನು ವಿಲನ್ ಮಾಡಿ, ಲೈಟಿಂಗೇ ಬೇಕಾಗಲ್ಲ. ಅವರು ಕೆಟ್ಟವರಲ್ಲ. ನಗುನಗುತ್ತಲೇ ಹೇಳಿದರು. ಆ ಹುಡುಗನೂ ನಕ್ಕ. ಹಾಸ್ಟೆಲ್ಲಿಗೆ ಬಂದ ಮೇಲೆ ರಾತ್ರಿ ಊಟ ಮಾಡಲಿಲ್ಲ.

ಕಪ್ಪು ಮೈಯನ್ನು ಅನುಮಾನದಿಂದ ನೋಡುವುದು ಮನುಷ್ಯರ ಕಣ್ಣಷ್ಟೇ ಅಲ್ಲ, ಯಂತ್ರವನ್ನೂ ಹಾಗೆಯೇ ತಯಾರು ಮಾಡಿದ್ದರು. ಕೊಡಾಕ್ ಕಂಪನಿ ಬಣ್ಣದ ಫೋಟೋಗಳ ಹದ ನೋಡುವುದಕ್ಕೆ 1950ರ ದಶಕದಿಂದ ಒಂದು ಮಾದರಿ ಚೀಟಿಯನ್ನು ಲ್ಯಾಬುಗಳಿಗೆ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸು. ಅದಕ್ಕೆ 'ಶರ್ಲಿ ಕಾರ್ಡ್' ಅನ್ನುತ್ತಿದ್ದರು. ಆ ಹೆಂಗಸಿನ ಚರ್ಮ ಸರಿಯಾಗಿ ಬಂದರೆ ಫೋಟೋ ಸರಿ. ಕಪ್ಪು ಮುಖಗಳು ಅದರಲ್ಲಿ ಮಸಿಯಾಗಿ, ಕಣ್ಣು ಹಲ್ಲು ಮಾತ್ರ ಉಳಿಯುತ್ತಿದ್ದವು. ಆಮೇಲೆ ಫಿಲಮ್ಮನ್ನು ಸುಧಾರಿಸುವಂತೆ ಕಂಪನಿಯ ಮೇಲೆ ಒತ್ತಡ ತಂದವರಲ್ಲಿ ಚಾಕೊಲೇಟ್ ಮಾಡುವವರೂ ಮರದ ಪೀಠೋಪಕರಣ ಮಾರುವವರೂ ಇದ್ದರು. ತಮ್ಮ ಸರಕಿನ ಕಂದು ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿಲ್ಲ ಅನ್ನುವುದು ಅವರ ದೂರು. ಮನುಷ್ಯರ ಮುಖಕ್ಕಿಲ್ಲದ ಬೆಲೆ ಮಂಚ ಮೇಜಿಗಿತ್ತು.

ಥ್ರಿಲ್ಲರ್ ಅಂದರೆ ಹೀಗೇ ಇರಬೇಕು ಅಂತೇನೂ ಇಲ್ಲ. ನಮ್ಮ ಕನ್ನಡದಲ್ಲೇ ಶಂಕರ್‌ನಾಗ್ 1985ರಲ್ಲಿ 'ಆಕ್ಸಿಡೆಂಟ್' ತೆಗೆದರು. ಅದರಲ್ಲಿ ಭಯ ಬರುವುದು ಕಾರಿನಿಂದ, ಅಧಿಕಾರದ ಮನೆಯಿಂದ. ಸಾಯುವವರು ಫುಟ್‌ಪಾತಿನಲ್ಲಿ ಮಲಗಿದ ಬಡವರು. ತಮಿಳಿನ ಮಾರಿ ಸೆಲ್ವರಾಜ್ 2018ರ 'ಪರಿಯೇರುಂ ಪೆರುಮಾಳ್' ಚಿತ್ರದ ಶುರುವಿನಲ್ಲೇ ಒಂದು ನಾಯಿಯನ್ನು ರೈಲು ಹಳಿಗೆ ಕಟ್ಟಿ ಕೊಲ್ಲಿಸುವ ಮೇಲ್ಜಾತಿಯವರನ್ನು ತೋರಿಸಿದರು. ಆ ನಾಯಿಗೆ ಆದದ್ದು ಅದರ ಒಡೆಯನಿಗೂ ಆಗಬಹುದು ಅಂತ ನೋಡುವವನಿಗೆ ಆಗಲೇ ಗೊತ್ತಾಗುತ್ತೆ. ಹಿಚ್‌ಕಾಕನ ಬಾಂಬು ಇದೇ.

ನಾವು ನಮ್ಮಲ್ಲೊಬ್ಬನ ಊರಿಗೆ ಹೋದೆವು. ಕೇರಿಯ ಹಿರಿಯಜ್ಜಿಯ ಮುಂದೆ ಕೂತು, "ಅಜ್ಜಿ, ಕತ್ಲು ಅಂದ್ರೆ ಹೆದ್ರಿಕೆ ಆಯ್ತದಾ?" ಅಂತ ಕೇಳಿದೆವು. ಅಜ್ಜಿ ಎಲೆ ಅಡಿಕೆ ಜಗಿಯುತ್ತ ಅಂದಳು:

"ಕತ್ಲುಗ್ಯಾಕ್ ಹೆದ್ರದು ಮಗ? ಕತ್ಲು ನಮ್ದೇಯ. ಬಯಲ್ಕಡೀಕೆ ಹೋಗಕ್ಕೆ ಕತ್ಲೇ ಬೇಕಿತ್ತು. ಸುಖ ಕಷ್ಟ ಮಾತಾಡಕ್ಕೂ ಕತ್ಲೇ ಬೇಕಿತ್ತು. ಸರೊತ್ನಲ್ಲಿ ಊರೊಳ್ಗಿಂದ ಬ್ಯಾಟ್ರಿ ಬೆಳ್ಕು ಕೇರಿ ಕಡೀಕೆ ತಿರುಗ್ತು ಅನ್ನು, ಆಗ ನೋಡು ಎದೆ ಡವ ಡವ ಅನ್ನದು."

ನಮ್ಮ ಸಿನಿಮಾ ಅಲ್ಲಿಗೆ ಸಿಕ್ಕಿತು.

ಅಜ್ಜಿಯ ಮಾತು ಬರೀ ಹಳೇ ಕಾಲದ ಮಾತಲ್ಲ. 2000ನೇ ಇಸವಿಯ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗಿಟ್ಟು ಸುಟ್ಟರು. ಬೆಳಕು ಅಂದರೆ ಅದೂ ಬೆಳಕೇ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ 2014ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅದಕ್ಕೆ ಮೂಲ ಒಂದು ಸಿನಿಮಾ ಟಾಕೀಸಿನಲ್ಲಿ ಆದ ಜಗಳ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುಪಾಲು ಜನಕ್ಕೆ ಜಾಮೀನು ಸಿಕ್ಕಿತು. ಸಿನಿಮಾ ನೋಡುವುದೇ ನಮಗೆ ಇಷ್ಟು ದುಬಾರಿಯಾಗುವ ನಾಡಿನಲ್ಲಿ ನಾವು ಸಿನಿಮಾ ತೆಗೆಯುವುದಕ್ಕೆ ಹೊರಟಿದ್ದೆವು.

ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಚೌಕ ಎಳೆದು ಹದಿನಾಲ್ಕು ಶಾಟು ಬರೆದೆವು. ಕರೆಂಟು ಹೋಗಿದೆ. ಕೇರಿ ಕತ್ತಲು. ಆ ಕತ್ತಲಲ್ಲಿ ಎಲ್ಲರೂ ಆರಾಮಾಗಿದ್ದಾರೆ. ಒಬ್ಬಳು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ. ಹೊಸಲಿನ ಹತ್ತಿರ ಬುಡ್ಡಿ ದೀಪವಿಟ್ಟುಕೊಂಡು ಒಬ್ಬ ಹುಡುಗಿ ಲೆಕ್ಕ ಮಾಡುತ್ತಿದ್ದಾಳೆ. ದೂರದಲ್ಲಿ, ಅವಳ ಬೆನ್ನ ಹಿಂದೆ, ಸಾಸಿವೆ ಕಾಳಿನಷ್ಟು ಒಂದು ಬೆಳಕು. ನಮಗೆ ಕಾಣುತ್ತೆ, ಅವಳಿಗೆ ಕಾಣಲ್ಲ. ಅದು ಹತ್ತಿರವಾಗುತ್ತೆ. ಒಂದೊಂದೇ ಮನೆಯಲ್ಲಿ ಮಾತು ನಿಲ್ಲುತ್ತೆ. ಅವ್ವ ಬಂದು ಮಗಳ ದೀಪವನ್ನು ಉಫ್ ಅಂತ ಆರಿಸುತ್ತಾಳೆ. ಕತ್ತಲು. ಆಮೇಲೆ ಬ್ಯಾಟರಿ ಬೆಳಕು ಬಂದು ಲೆಕ್ಕದ ಪುಸ್ತಕದ ಮೇಲೆ ನಿಲ್ಲುತ್ತೆ. ಸಿನಿಮಾದ ಹೆಸರು ಅಲ್ಲಿ ಬರುತ್ತೆ. ಎರಡು ನಿಮಿಷ ಮುಗೀತು.

ಸಿನಿಮಾ ಪಾಠದಲ್ಲಿ ಒಂದು ನಿಯಮವಿದೆ. ಎದುರುಬದುರಿರುವ ಇಬ್ಬರ ನಡುವೆ ಕಣ್ಣಿಗೆ ಕಾಣದ ಒಂದು ಗೆರೆ ಇದೆ ಅಂದುಕೊಂಡು, ಕ್ಯಾಮರಾ ಅದರ ಒಂದೇ ಬದಿಯಲ್ಲಿ ಇರಬೇಕು. ದಾಟಿದರೆ ಯಾರು ಯಾವ ಕಡೆಯಿಂದ ಬಂದರು ಅನ್ನುವುದು ನೋಡುವವನಿಗೆ ತಪ್ಪಿಹೋಗುತ್ತದೆ. ನಾವು ನಮಗಾಗಿ ಇನ್ನೊಂದು ನಿಯಮ ಮಾಡಿಕೊಂಡೆವು. ಹದಿನಾಲ್ಕು ಶಾಟಿನಲ್ಲಿ ಒಂದನ್ನೂ ಬ್ಯಾಟರಿ ಹಿಡಿದವನ ಕಡೆ ನಿಂತು ತೆಗೆಯಕೂಡದು. ಊರಿಗೂ ಕೇರಿಗೂ ನಡುವೆ ಗೆರೆ ಎಳೆದವರು ನಾವಲ್ಲ. ಎಳೆದ ಮೇಲೆ ಯಾವ ಕಡೆ ನಿಲ್ಲಬೇಕು ಅನ್ನುವುದು ನಮಗೆ ಬಿಟ್ಟದ್ದು.

ಕೆಲಸದ ವಿಷಯ ಒಂದೆರಡು ಹೇಳುತ್ತೇವೆ, ಮಾಡುವವರಿಗೆ ಉಪಯೋಗವಾದೀತು. ನಡುರಾತ್ರಿಯಲ್ಲಿ ಮೊಬೈಲಿಗೆ ಏನೂ ಕಾಣಲ್ಲ, ಚಿತ್ರವೆಲ್ಲ ರವೆ ರವೆ ಆಗುತ್ತೆ. ಹೊತ್ತು ಮುಳುಗಿದ ಮೇಲಿನ ಅರ್ಧ ಗಂಟೆಯಲ್ಲಿ ದೂರದ ಶಾಟುಗಳನ್ನು ಮುಗಿಸಬೇಕು. ಆಗ ಆಕಾಶದಲ್ಲಿ ಇನ್ನೂ ಸ್ವಲ್ಪ ನೀಲಿ ಇರುತ್ತೆ, ಮನೆಯ ಅಂಚು ಕಾಣುತ್ತೆ. ಊರ ಬೀದಿಯ ವಿದ್ಯುತ್ ದೀಪ ಚೌಕಟ್ಟಿನೊಳಗೆ ಬಂದರೆ ಪಟಪಟ ಮಿನುಗುತ್ತೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಸುತ್ತಿನದು, ದೀಪ ನೂರು ಸಲ ಏರಿಳಿಯುತ್ತೆ. ಮೊಬೈಲಿನಲ್ಲಿ ಸೆಕೆಂಡಿಗೆ 25 ಫ್ರೇಮು, ಶಟರು 1/50 ಇಟ್ಟರೆ ಮಿನುಗು ನಿಲ್ಲುತ್ತೆ. ಎಲ್ಲಕ್ಕಿಂತ ಮುಖ್ಯ, ಕ್ಯಾಮರಾವನ್ನು ಅದರ ಪಾಡಿಗೆ ಬಿಡಬೇಡಿ. ಬಿಟ್ಟರೆ ಅದು ಸುಣ್ಣದ ಗೋಡೆಯನ್ನು ನೋಡಿಕೊಂಡು ನಮ್ಮ ಮುಖವನ್ನು ಮಸಿ ಮಾಡುತ್ತೆ. ಪರದೆಯ ಮೇಲೆ ಮುಖವನ್ನೇ ಬೆರಳಿನಿಂದ ಒತ್ತಿ ಹಿಡಿದು ಬೆಳಕನ್ನು ಅಲ್ಲಿಗೇ ಲಾಕ್ ಮಾಡಬೇಕು. ಆ ಹುಡುಗಿಯ ಮುಖ ಬುಡ್ಡಿ ದೀಪದಲ್ಲಿ ತಾಮ್ರದ ಹಾಗೆ ಹೊಳೆಯಿತು. ಗೋಡೆ ಬೇಕಾದರೆ ಹಾಳಾಗಲಿ.

ಹನ್ನೊಂದನೇ ಶಾಟು ತೆಗೆಯುವಾಗ ನಮ್ಮ ಬ್ಯಾಟರಿ ಹಿಡಿದ ಗೆಳೆಯ ಇನ್ನೂ ಜಾಗಕ್ಕೆ ಹೋಗಿರಲಿಲ್ಲ. ಆದರೂ ಬೆಳಕು ಬಂತು.

"ಯಾರ್ಲಾ ಅದು? ಯಾರ್ನ ಕೇಳಿ ಕ್ಯಾಮರಾ ತಂದ್ರಿ?"

ನಿಜವಾದ ಬ್ಯಾಟರಿ. ಹಿಂದೆ ಮೂರು ಜನ. ಬೆಳಕು ಒಬ್ಬೊಬ್ಬರ ಮುಖದ ಮೇಲೂ ನಿಂತು ಮುಂದೆ ಹೋಯಿತು. "ಯಾವೂರು? ಯಾರ ಪೈಕಿ?" ಅಂತ ಕೇಳಿದರು. ಯಾರ ಪೈಕಿ ಅನ್ನುವುದರ ಅರ್ಥ ಈ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿ ಎದ್ದು ಬಂದಳು. "ನಮ್ ಮಕ್ಳೇ ಕಣಪ್ಪ, ಇಸ್ಕೂಲ್ ಪಾಟ ಮಾಡ್ಕತಾವೆ, ನೀವು ಹೋಗ್ಬನ್ನಿ" ಅಂದಳು. ದನಿ ಮೆತ್ತಗಿತ್ತು. ಸೆರಗು ಹಿಡಿದ ಕೈ ನಡುಗುತ್ತಿತ್ತು. ಅವರು ಹೋದರು. ಸ್ಟ್ಯಾಂಡಿನ ಮೇಲಿದ್ದ ಮೊಬೈಲು ಅಷ್ಟನ್ನೂ ಹಿಡಿದುಕೊಂಡಿತ್ತು.

ಅದನ್ನು ಏನು ಮಾಡುವುದು? ಹಾಗೇ ಹಾಕಿದರೆ ನಮ್ಮ ಎರಡು ನಿಮಿಷಕ್ಕೆ ಯಾವ ನಟನೆಯೂ ಸಮ ಬಾರದು. ಒಂದು ರಾತ್ರಿಯಲ್ಲಿ ಸಾವಿರ ಮೊಬೈಲಿಗೆ ಹೋಗುತ್ತೆ. ಸತ್ಯವನ್ನು ಮುಚ್ಚಿಡಬಾರದು ಅಂತ ನಮ್ಮಲ್ಲಿ ಇಬ್ಬರು, ಕೇರಿಯವರನ್ನು ಕೇಳದೆ ಬೇಡ ಅಂತ ಮೂವರು. ಮಾರನೆ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ತೋರಿಸಿದೆವು. ಗಂಡಸರು ಸುಮ್ಮನಿದ್ದರು. ರಾಗಿಹಿಟ್ಟು ಜರಡಿ ಹಿಡಿದಿದ್ದ ಅಕ್ಕ ಹೇಳಿದಳು:

"ನೀವು ಮದ್ಯಾನ ಬಸ್ ಹತ್ತಿ ಹೋಯ್ತೀರಿ. ನಾವು ನಾಳೀಕೆ ಅವ್ರ ಗದ್ದೇಲೇ ನಾಟಿ ಹಾಕ್ಬೇಕು. ದನಿ ಬ್ಯಾಡ, ಮೊಕ ಬ್ಯಾಡ. ಬೆಳ್ಕು ಇರ್ಲಿ. ಬೆಳ್ಕು ಯಾರ್ದು ಅಂತ ಅದ್ರ ಮ್ಯಾಲೆ ಬರ್ದಿರಕ್ಕಿಲ್ಲ."

ಎಡಿಟಿಂಗ್ ಅನ್ನುವುದನ್ನು ನಮಗೆ ಕಲಿಸಿದವಳು ಆ ಅಕ್ಕ. ಮಾತನ್ನು ತೆಗೆದೆವು, ಮುಖಗಳನ್ನು ತೆಗೆದೆವು. ಬೆಳಕು ಗೋಡೆಯಿಂದ ಗೋಡೆಗೆ ಹರಿಯುವ ಒಂಬತ್ತು ಸೆಕೆಂಡು ಉಳಿಸಿಕೊಂಡೆವು. ಅದರ ಕೆಳಗೆ ಸಂಗೀತ ಹಾಕಲಿಲ್ಲ. ಜೀರುಂಡೆ ಸದ್ದು, ಅದು ತಟ್ಟನೆ ನಿಂತದ್ದು, ಯಾರೋ ಉಸಿರು ಬಿಗಿಹಿಡಿದದ್ದು.

ಕಾಲೇಜಿನಲ್ಲಿ ತೋರಿಸಿದಾಗ, "ಖಳನಾಯಕ ಎಲ್ಲಿ? ಅವನು ಏನು ಮಾಡಿದ? ಬರೀ ಬ್ಯಾಟರಿ ಬಿಟ್ಟರೆ ಅದರಲ್ಲಿ ಹೆದರುವುದೇನಿದೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಹಿಂದಿನ ಬೆಂಚುಗಳಲ್ಲಿ ಹಾಸ್ಟೆಲ್ ಹುಡುಗರು ಹುಡುಗಿಯರು ಕೂತಿದ್ದರು. ಅವರಾರೂ ಆ ಪ್ರಶ್ನೆ ಕೇಳಲಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಪರದೆಯ ಮುಂದೆ, ಅರ್ಧ ಜನಕ್ಕೆ ಎದೆ ನಿಂತಿತ್ತು, ಅರ್ಧ ಜನಕ್ಕೆ ಏನೂ ಆಗಿರಲಿಲ್ಲ. ಈ ವ್ಯವಸ್ಥೆ ಭಯವನ್ನೂ ಜಾತಿಯ ಲೆಕ್ಕದಲ್ಲೇ ಹಂಚಿದೆ ಅನ್ನುವುದಕ್ಕೆ ನಮಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಹಳ್ಳಿಯ ಮೇಷ್ಟರೆ, ಹಾಸ್ಟೆಲ್ಲಿನ ತಮ್ಮಂದಿರೆ, ತಂಗಿಯರೆ, ಮೊಬೈಲು ಈಗ ಬಹಳ ಜನರ ಕೈಯಲ್ಲಿದೆ. ನಿಮ್ಮ ಮಕ್ಕಳಿಗೂ ಎರಡು ನಿಮಿಷ ಕೊಡಿ. ಊರ ಗಲ್ಲಿಯನ್ನು ನಡುಬೀದಿಯಿಂದ ತೋರಿಸಿದ ಸಿನಿಮಾಗಳು ಸಾಕಷ್ಟಿವೆ. ನೀವು ಮೊದಲು ಅಜ್ಜಿಯರನ್ನು ಕೇಳಿ, ಈ ಊರಲ್ಲಿ ಹೆದರಿಕೆ ಯಾವ ದಿಕ್ಕಿನಿಂದ ಬರುತ್ತೆ ಅಂತ. ಹಿಡಿದದ್ದನ್ನು ಹೊರಗೆ ಬಿಡುವ ಮುಂಚೆ ಅಲ್ಲಿಯೇ ಉಳಿಯುವವರನ್ನು ಕೇಳಿ. ಆಮೇಲೆ ಸ್ಟ್ಯಾಂಡನ್ನು ಮನೆಯೊಳಗೆ ನಿಲ್ಲಿಸಿ, ಕ್ಯಾಮರಾವನ್ನು ಬಾಗಿಲ ಕಡೆಗೆ ತಿರುಗಿಸಿ.