ಟರ್ಬೋ ಸ್ವಿಚ್ ಎಲ್ಲಿದೆ?

ಮ್ಯಾಡ್ ಮ್ಯಾಕ್ಸ್ ಸಿನಿಮಾದ ಕಪ್ಪು ಕಾರ್ ನೋಡಿದೀರಾ? ಸ್ವಿಚ್ ಹಾಕಿದ ಕೂಡಲೇ ಬಾನೆಟ್ ಮೇಲಿನ ಸೂಪರ್‌ಚಾರ್ಜರ್ ತಿರುಗುತ್ತೆ. ಅದು ಬರೀ ತೋರಿಕೆಗೆ ಕೂರಿಸಿದ್ದು. ಆದ್ರೆ ಐಡಿಯಾ ಪೂರ್ತಿ ಸುಳ್ಳಲ್ಲ. ಟೊಯೋಟಾದ 4ಎ-ಜಿಝಡ್‌ಇ ಎಂಜಿನ್ನಿನಲ್ಲಿ ಬೆಲ್ಟಿಗೂ ಸೂಪರ್‌ಚಾರ್ಜರಿಗೂ ನಡುವೆ ವಿದ್ಯುತ್ಕಾಂತೀಯ ಕ್ಲಚ್ ಇತ್ತು. ಬೇಡವಾದಾಗ ಅದು ನಿಜವಾಗ್ಲೂ ಆಫ್.

ಅಂಕೋಲಾದ ನಮ್ಮ ಮಾವ ತಮ್ಮ ನೆಕ್ಸಾನಿನಲ್ಲಿ ಸ್ಪೋರ್ಟ್ ಮೋಡ್ ಒತ್ತಿ "ಈಗ ಟರ್ಬೋ ಆನ್" ಅಂತಾರೆ. ಹಾಗಲ್ಲ. ಟರ್ಬೋ ತಿರುಗೋದು ಎಂಜಿನ್ ಬಿಡೋ ಹೊಗೆಯ ರಭಸಕ್ಕೆ. ಎಂಜಿನ್ ಓಡ್ತಿರೋವರೆಗೂ ಅದು ತಿರುಗ್ತಾನೇ ಇರುತ್ತೆ. ನಿಧಾನಕ್ಕೆ ಹೋಗುವಾಗ ಥ್ರಾಟಲ್ ಅರ್ಧ ಮುಚ್ಚಿರೋದ್ರಿಂದ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ, ಹಾಗಾಗಿ ಬೂಸ್ಟ್ ಇಲ್ಲ. ಪೆಡಲ್ ತುಳಿದ್ರೆ ಹೊಗೆ ಹೆಚ್ಚುತ್ತೆ, ಟರ್ಬೋ ವೇಗ ಹಿಡಿಯುತ್ತೆ, ಒಂದು ಕ್ಷಣ ತಡವಾಗಿ ಬೆನ್ನಿಗೆ ಗುದ್ದು ಬೀಳುತ್ತೆ. ಒತ್ತಡ ಮಿತಿ ಮೀರಿದ್ರೆ ವೇಸ್ಟ್‌ಗೇಟ್ ತೆರೆದು ಹೊಗೆಯನ್ನ ಪಕ್ಕಕ್ಕೆ ಬಿಡುತ್ತೆ. ಸ್ಪೋರ್ಟ್ ಬಟನ್ ಬದಲಿಸೋದು ಪೆಡಲ್ಲಿಗೆ ಎಂಜಿನ್ ಎಷ್ಟು ಚುರುಕಾಗಿ ಓಗೊಡಬೇಕು ಅನ್ನೋದನ್ನ.

ಅಂದ್ರೆ ಸ್ವಿಚ್ ಇರೋದು ನಮ್ಮ ಬಲಗಾಲಲ್ಲಿ.

ಕಾರವಾರದಿಂದ ಅಂಕೋಲಾಕ್ಕೆ ಬರೋ ಹೆದ್ದಾರಿ 66ರಲ್ಲಿ ಇದು ಬರೀ ಥಿಯರಿ ಅಲ್ಲ. ಬಿಣಗಾ, ಅಮದಳ್ಳಿ, ಅವರ್ಸಾ ಎಲ್ಲವೂ ರಸ್ತೆಗೆ ಅಂಟಿಕೊಂಡ ಊರುಗಳು; ಬಸ್ ಇಳಿದವರು ಅದನ್ನೇ ದಾಟಿ ಮನೆಗೆ ಹೋಗ್ಬೇಕು. ಕಾಲೆತ್ತಿದ ತಕ್ಷಣ ಬೂಸ್ಟ್ ಹೋಗುತ್ತೆ, ವೇಗ ಹೋಗಲ್ಲ. 60ರಿಂದ 90ಕ್ಕೆ ಏರಿದ್ರೆ ಬ್ರೇಕ್ ನುಂಗಬೇಕಾದ ಚಲನಶಕ್ತಿ 2.25 ಪಟ್ಟು. ಅದನ್ನ ಆಫ್ ಮಾಡೋ ಸ್ವಿಚ್ ಮಾತ್ರ ಯಾವ ಕಾರಲ್ಲೂ ಇಲ್ಲ.