ಹಿತ್ತಿಲ ಕೋಣೆಗೆ ಡೀಸೆಲ್ ಒಲೆ

ನಮ್ಮ ಮಗ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದಾನೆ. 2022ರ ನವೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಮೂರು ತಿಂಗಳ ಮಟ್ಟಿಗೆ ಅವನ ಮನೆಗೆ ಹೋಗಿದ್ದೆವು. ಕಲ್ಪೆಟ್ಟದಿಂದ ಹೊರಡುವಾಗ ನೆಂಟರಿಷ್ಟರೆಲ್ಲ ಹೇಳಿದ್ದು ಒಂದೇ ಮಾತು: "ಅಲ್ಲಿ ಚಳಿ ಹೆಚ್ಚು, ಜೋಪಾನ." ವಯನಾಡಿನವರಿಗೆ ಚಳಿಯೇನು ಹೊಸದೇ ಎಂದು ನಾನು ನಕ್ಕಿದ್ದೆ. ಅಲ್ಲಿಗೆ ಹೋದ ಮೂರನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆಲ್ಲ ದೀಪ ಹಚ್ಚಬೇಕಾಗಿ ಬಂದಾಗ ನಗು ನಿಂತಿತು. ನಮ್ಮ ಕಡೆಯ ಚಳಿ ಬೆಳಗಿನ ಒಂದು ಕಾಫಿಗೆ, ಒಂದು ಕಂಬಳಿಗೆ ಹೆದರಿ ಓಡುತ್ತದೆ. ಅಲ್ಲಿಯದು ಮನೆಯೊಳಗೆ ಬಂದು ಕುಳಿತುಕೊಳ್ಳುವ ಚಳಿ.

ಮನೆಯ ಹಿಂದೆ ಸಣ್ಣ ತೋಟ. ಅದರ ಮೂಲೆಯಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಮರದ ಹಲಗೆಯ ಕೋಣೆ. ಹುಲ್ಲು ಕೊಯ್ಯುವ ಯಂತ್ರ, ಹಾರೆ, ಗುದ್ದಲಿ ಇಡಲು ಹಿಂದಿನ ಮಾಲೀಕರು ಕಟ್ಟಿಸಿದ್ದಂತೆ. 2020ರಲ್ಲಿ ಕೊರೋನಾ ಬಂದು ಆಫೀಸಿನ ಕೆಲಸವೆಲ್ಲ ಮನೆಗೆ ಬಂದಾಗ, ಎರಡು ಮಕ್ಕಳ ಗಲಾಟೆಯಲ್ಲಿ ಕೆಲಸ ಸಾಗದೆ ನಮ್ಮವನು ಆ ಕೋಣೆಗೆ ಮೇಜು ಕುರ್ಚಿ ಹಾಕಿಕೊಂಡ. ಆಫೀಸು ಮತ್ತೆ ತೆರೆದ ಮೇಲೂ ವಾರಕ್ಕೆ ಮೂರು ದಿನ ಅಲ್ಲಿಯೇ ಕೆಲಸ. ಗೋಡೆಗೆ ಒಳಗಿನಿಂದ ಉಣ್ಣೆಯಂಥ ಹಾಸು ತುಂಬಿ ಹಲಗೆ ಹೊಡೆದಿದ್ದ. ಆದರೂ ಕಾಲಬೆರಳು ಮರಗಟ್ಟುತ್ತಿತ್ತು.

ಹಿಂದಿನ ಚಳಿಗಾಲಗಳಲ್ಲಿ ವಿದ್ಯುತ್ ಹೀಟರ್ ಇಟ್ಟುಕೊಂಡಿದ್ದನಂತೆ. ಆ ವರ್ಷ ಅಲ್ಲಿ ವಿದ್ಯುತ್ತಿನ ಬೆಲೆ ಏರಿ, ಅಕ್ಟೋಬರಿನಿಂದ ಒಂದು ಯೂನಿಟ್ಟಿಗೆ ಸುಮಾರು 34 ಪೆನ್ಸ್ ಆಗಿತ್ತು. ಎರಡು ಕಿಲೋವ್ಯಾಟಿನ ಹೀಟರನ್ನು ಎಂಟು ಗಂಟೆ ಎಡೆಬಿಡದೆ ಉರಿಸಿದರೆ ದಿನಕ್ಕೆ ಐದೂವರೆ ಪೌಂಡು. ಹಾಗಾಗಿ ಅವನು ಡೀಸೆಲ್ ಹೀಟರ್ ತರಿಸಿದ. ಗಂಟೆಗೆ 200 ಮಿಲಿಲೀಟರಿನಂತೆ ಉರಿದರೆ ದಿನಕ್ಕೆ ಒಂದೂವರೆ ಲೀಟರಿಗೆ ಸ್ವಲ್ಪ ಮೇಲೆ, ಆಗಿನ ಬೆಲೆಯಲ್ಲಿ ಮೂರು ಪೌಂಡು. ಉಳಿತಾಯ ಎರಡೂವರೆ ಪೌಂಡು ಎಂದು ಮಗನ ಲೆಕ್ಕ. ಹೀಟರಿಗೆ ಕೊಟ್ಟ ನೂರು ಪೌಂಡು, ಬ್ಯಾಟರಿ, ಕೊಳವೆ, ಎರಡು ಶನಿವಾರ ಎರಡು ಭಾನುವಾರದ ದುಡಿಮೆ ಅವನ ಲೆಕ್ಕದಲ್ಲಿರಲಿಲ್ಲ. ನಾನೂ ನೆನಪಿಸಲಿಲ್ಲ.

ಡೀಸೆಲ್ ಎಂದ ಕೂಡಲೇ ನನಗೆ ಉತ್ಸಾಹ ಬಂದಿತ್ತು. ಕಾಫಿ ಹೂವಿನ ನೀರಿಗಾಗಿ ಮೂವತ್ತು ವರ್ಷ ಪಂಪಿನ ಡೀಸೆಲ್ ಇಂಜಿನ್ನಿನೊಡನೆ ಗುದ್ದಾಡಿದವನು ನಾನು. ಪೆಟ್ಟಿಗೆ ಬಿಚ್ಚಿ ನೋಡಿದರೆ ಇಂಜಿನ್ ಅಲ್ಲವೇ ಅಲ್ಲ. ಶೂಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಕುಲುಮೆ. ಲಾರಿ ಚಾಲಕರು ರಾತ್ರಿ ಇಂಜಿನ್ ನಿಲ್ಲಿಸಿ ಮಲಗುವಾಗ ಕ್ಯಾಬಿನ್ ಬೆಚ್ಚಗಿರಲೆಂದು, ದೋಣಿಯವರಿಗೆಂದು ಜರ್ಮನಿಯ ವೆಬಾಸ್ಟೋ, ಎಬರ್‌ಸ್ಪೇಹರ್ ಕಂಪನಿಗಳು ಮಾಡುತ್ತ ಬಂದ ಸಾಧನವಿದು. ಈಗ ಅದೇ ಮಾದರಿಯವು ಚೀನಾದಿಂದ ಅಗ್ಗವಾಗಿ ಬರುತ್ತವೆ.

ಇದರಲ್ಲಿ ತಿಳಿಯಬೇಕಾದದ್ದು ಎರಡು ಗಾಳಿಗಳ ವಿಷಯ. ಒಂದು, ಉರಿಯ ಗಾಳಿ: ಹೊರಗಿನಿಂದ ಒಂದು ಕೊಳವೆಯಲ್ಲಿ ಬಂದು, ಡೀಸೆಲ್ಲನ್ನು ಉರಿಸಿ, ಹೊಗೆಯಾಗಿ ಇನ್ನೊಂದು ಕೊಳವೆಯಲ್ಲಿ ಹೊರಗೇ ಹೋಗುತ್ತದೆ. ಎರಡನೆಯದು ಕೋಣೆಯ ಗಾಳಿ: ಫ್ಯಾನು ಅದನ್ನು ಎಳೆದು, ಕಾದ ಅಲ್ಯೂಮಿನಿಯಂ ಮೈಯ ಮೇಲೆ ಹಾಯಿಸಿ, ಬೆಚ್ಚಗೆ ಮಾಡಿ ಮರಳಿ ಕೋಣೆಗೆ ಬಿಡುತ್ತದೆ. ಇವೆರಡೂ ಒಂದೇ ಪೆಟ್ಟಿಗೆಯೊಳಗೆ ಅಕ್ಕಪಕ್ಕದಲ್ಲಿ ಹರಿದರೂ ಎಲ್ಲಿಯೂ ಕೂಡಬಾರದು. ಸೊಸೆಗೆ ಇದನ್ನು ವಿವರಿಸುವಾಗ, ಡಬ್ಬಲ್ ಬಾಯ್ಲರಿನಲ್ಲಿ ಹಾಲು ಕಾಯಿಸಿದ ಹಾಗೆ, ಕೆಳಗಿನ ನೀರು ಹಾಲಿಗೆ ಬೆರೆಯುವುದಿಲ್ಲವಲ್ಲ ಎಂದೆ.

ಮಗ ಮೊದಲ ವಾರಾಂತ್ಯದಲ್ಲಿ ಕೋಣೆಯ ಮೂಲೆಯಲ್ಲಿ ನೆಲದ ಹಲಗೆಗೆ ತೂತು ಕೊರೆದು ಹೀಟರನ್ನು ಕೂರಿಸಿದ. ಎರಡು ಕೊಳವೆಗಳೂ ಡೀಸೆಲ್ ನಾಳವೂ ನೆಲದ ಅಡಿಗೆ ಇಳಿದವು. ಕೋಣೆ ಇಟ್ಟಿಗೆಗಳ ಮೇಲೆ ನಿಂತಿರುವುದರಿಂದ ಅಡಿಯಲ್ಲಿ ಒಂದು ಗೇಣು ಬಯಲು. ಡೀಸೆಲ್ ತೊಟ್ಟಿಯನ್ನು ಹೊರಗಿಟ್ಟ. ಪಂಪನ್ನು ಬಾಯಿ ಮೇಲಾಗುವಂತೆ ಓರೆಯಾಗಿ ಕಟ್ಟಬೇಕು, ಇಲ್ಲವಾದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಅಷ್ಟನ್ನು ನಾನೇ ಹೇಳಿಕೊಟ್ಟೆ. ಮೊದಲ ಸಲ ಹೊತ್ತಲಿಲ್ಲ. 12 ವೋಲ್ಟಿನ ಸಣ್ಣ ಅಡಾಪ್ಟರ್ ಕೊಟ್ಟಿದ್ದ. ಹೊತ್ತಿಸುವ ಗ್ಲೋ ಪ್ಲಗ್ ಆರಂಭದಲ್ಲಿ ಎಂಟು ಹತ್ತು ಆಂಪಿಯರ್ ಕೇಳುತ್ತದೆ, ಆಮೇಲೆ ಒಂದೆರಡು ಆಂಪಿಯರ್ ಸಾಕು. ಕಾರಿನ ಬ್ಯಾಟರಿ ತಂದು ಜೋಡಿಸಿದ ಮೇಲೆ ಬಿಳಿ ಹೊಗೆ ಕಾರಿ, ವಿಮಾನದ ಮರಿಯಂತೆ ಸದ್ದು ಮಾಡಿ ಹೊತ್ತಿಕೊಂಡಿತು. ಪಂಪು ಟಕ್, ಟಕ್ ಎಂದು ಬಡಿಯತೊಡಗಿತು. ಹತ್ತೇ ನಿಮಿಷದಲ್ಲಿ ಕೋಣೆ ನಮ್ಮ ಏಪ್ರಿಲ್ ತಿಂಗಳಾಯಿತು. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರು.

ನಾನು ಬಾಗಿಲ ಬಳಿಯೇ ನಿಂತಿದ್ದೆ. ಒಳಗೆ ಹೋಗಿ ಕುಳಿತುಕೊಳ್ಳಲು ಆಗಲಿಲ್ಲ. "ಕಾರ್ಬನ್ ಮಾನಾಕ್ಸೈಡಿನ ಅಲಾರಂ ಎಲ್ಲಿ?" ಎಂದು ಕೇಳಿದೆ. "ಮನೆಯಲ್ಲೊಂದು ಇದೆ, ಇಲ್ಲಿಗೂ ತರೋಣ, ಈ ವಾರ" ಎಂದ. ನಾನು ಕೋಟು ಹಾಕಿಕೊಂಡು ಆಗಲೇ ಅಂಗಡಿಗೆ ನಡೆದೆ. ಅಪ್ಪನಿಗೆ ವಯಸ್ಸಾಯಿತು, ಹೆದರಿಕೆ ಹೆಚ್ಚಾಯಿತು ಎಂದುಕೊಂಡಿರಬೇಕು. ನಾನು ತಂದದ್ದು ಅಂಕಿ ತೋರಿಸುವ ಅಲಾರಂ. ಅದನ್ನು ಅವನ ಮೇಜಿನ ಪಕ್ಕದ ಗೋಡೆಗೆ, ಕುಳಿತವನ ಮೂಗಿನ ಎತ್ತರಕ್ಕೆ ಸಿಕ್ಕಿಸಿದೆ.

ಮಂಗಳವಾರ ಜೋರು ಗಾಳಿ. ಸಂಜೆ ಐದರ ಸುಮಾರಿಗೆ ಅಡುಗೆಮನೆಯಲ್ಲಿದ್ದ ನಮಗೆ ಅಲಾರಂ ಚೀರುವುದು ಕೇಳಿಸಿತು. ನಾನು ಚಪ್ಪಲಿಯಿಲ್ಲದೆ ಓಡಿದೆ. ಮಗ ಬಾಗಿಲು ತೆರೆದು ಹೊರಗೆ ಬಂದಿದ್ದ. ಬೆಳಿಗ್ಗೆಯಿಂದ ಸ್ವಲ್ಪ ತಲೆನೋವು, ಕಂಪ್ಯೂಟರು ನೋಡಿ ನೋಡಿ ಆಗಿರಬೇಕು ಎಂದುಕೊಂಡಿದ್ದನಂತೆ. ಅಲಾರಮಿನ ಮೇಲೆ 64 ಎಂಬ ಅಂಕಿ. ದಶಲಕ್ಷ ಭಾಗ ಗಾಳಿಯಲ್ಲಿ 64 ಭಾಗ ಎಂದು ಅರ್ಥ. 50 ಇದ್ದರೆ ಒಂದರಿಂದ ಒಂದೂವರೆ ಗಂಟೆಯೊಳಗೆ, 300 ಇದ್ದರೆ ಮೂರೇ ನಿಮಿಷದೊಳಗೆ ಕೂಗಬೇಕೆಂದು ಅಲ್ಲಿ ನಿಯಮವಿದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ.

ಟಾರ್ಚು ಹಿಡಿದು ಮಲಗಿ ನೆಲದಡಿ ನೋಡಿದೆವು. ಹೊಗೆಕೊಳವೆ ಹೀಟರಿನ ಜೊತೆ ಬಂದ ಉದ್ದದಷ್ಟೇ ಇತ್ತು. ಅದರ ಬಾಯಿ ಕೋಣೆಯ ಅಡಿಯಲ್ಲಿಯೇ ಕೊನೆಗೊಂಡಿತ್ತು. ಗಾಳಿ ಹೊಗೆಯನ್ನು ಅಡಿಯಿಂದ ಹೊರಗೆ ಹೋಗಗೊಡಲಿಲ್ಲ. ಬೆಚ್ಚಗಿನ ಕೋಣೆ ತಾನೇ ಒಂದು ಚಿಮಣಿ: ಮೇಲಿನ ಸಂದಿನಿಂದ ಬಿಸಿ ಗಾಳಿ ಹೋದಷ್ಟೂ ನೆಲದ ಹಲಗೆಯ ಸಂದಿನಿಂದ ಕೆಳಗಿನ ಗಾಳಿಯನ್ನು ಎಳೆಯುತ್ತದೆ. ಎರಡು ಗಾಳಿಗಳು ಪೆಟ್ಟಿಗೆಯೊಳಗೆ ಕೂಡಲಿಲ್ಲ, ಮನೆ ಸುತ್ತಿ ಬಂದು ಕೂಡಿದವು.

"ಕೊಳವೆಗೆ ಇನ್ನೊಂದು ತುಂಡು ಸೇರಿಸಿ ಹೊರಗೆ ತಂದರಾಯಿತು" ಎಂದ ಮಗ. ನಾನು ಬೇಡ ಎಂದೆ. ಹೀಟರೇ ಕೋಣೆಯಲ್ಲಿ ಬೇಡ, ಪೂರ್ತಿ ಹೊರಗೆ ಹೋಗಲಿ ಎಂದೆ. ಅಷ್ಟು ಕೆಲಸ ಯಾಕೆ, ಮಳೆಗೆ ಹಾಳಾಗುತ್ತದೆ, ಶಾಖ ಪೋಲಾಗುತ್ತದೆ ಎಂದು ವಾದಕ್ಕೆ ಬಂದ. ಆಗ ನಾನು ಐವತ್ತನಾಲ್ಕು ವರ್ಷ ಯಾರಿಗೂ ಹೇಳದ ವಿಷಯ ಹೇಳಬೇಕಾಯಿತು. ಅವನ ತಾಯಿಗೂ ಅದು ಗೊತ್ತಿರಲಿಲ್ಲ.

ನನ್ನ ಚಿಕ್ಕಪ್ಪ ಊಟಿಯ ಹತ್ತಿರ ಒಂದು ಚಹಾ ತೋಟದಲ್ಲಿ ಗುಮಾಸ್ತೆಯಾಗಿದ್ದರು. ಇನ್ನೂ ಮದುವೆಯಾಗಿರಲಿಲ್ಲ. 1968ರ ಡಿಸೆಂಬರಿನ ರಜೆಯಲ್ಲಿ, ನನಗೆ ಹನ್ನೊಂದು ವರ್ಷ, ಗೂಡಲೂರಿನ ಘಟ್ಟ ಹತ್ತಿ ಅವರಲ್ಲಿಗೆ ಹೋಗಿದ್ದೆ. ಬೆಳಗಾದರೆ ಹುಲ್ಲಿನ ಮೇಲೆಲ್ಲ ಹಿಮ, ಉಪ್ಪು ಚೆಲ್ಲಿದ ಹಾಗೆ. ರಾತ್ರಿ ಎಲ್ಲರ ಮನೆಯಲ್ಲೂ ಇದ್ದಲಿನ ಅಗ್ಗಿಷ್ಟಿಕೆ. ಅದಕ್ಕೊಂದು ಕ್ರಮವಿತ್ತು: ಅಂಗಳದಲ್ಲಿ ಹಚ್ಚಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಾದ ಮೇಲೆ ಒಳಗೆ ತರುವುದು. ಹೊಗೆ ಹೋಯಿತೆಂದರೆ ಕೆಡುಕೂ ಹೋಯಿತು ಎಂದೇ ಎಲ್ಲರ ನಂಬಿಕೆ. ನಿಜವಾಗಿ ಹೊಗೆಯಿಲ್ಲದ ಆ ಕೆಂಡದಿಂದಲೇ ವಿಷದ ಅನಿಲ ಏಳುತ್ತದೆ. ಮೂಗಿಗೆ ಎಚ್ಚರಿಕೆ ಕೊಡುವ ಹೊಗೆ ಮಾತ್ರ ಇಲ್ಲವಾಗಿರುತ್ತದೆ.

ಒಂದು ರಾತ್ರಿ ಪಕ್ಕದ ಮನೆಯ ಹುಡುಗರ ಜೊತೆ ಮಲಗಲು ನಾನು ಹೊರಟೆ. ಹೋಗುವ ಮೊದಲು ಚಿಕ್ಕಪ್ಪ, "ಕಿಟಕಿ ಸಂದಿಗೆ ಆ ಗೋಣಿ ತುರುಕಿ ಹೋಗೋ, ಗಾಳಿ ಕೊರೆಯುತ್ತದೆ" ಎಂದರು. ನಾನು ಶ್ರದ್ಧೆಯಿಂದ ಮಾಡಿದೆ. ಸ್ಟೂಲು ಹತ್ತಿ, ಮೇಲಿನ ಮೂಲೆಯವರೆಗೂ, ಬೆರಳಿನಿಂದ ಒತ್ತಿ ಒತ್ತಿ. ಕೆಲಸ ಚೆನ್ನಾಗಿ ಮಾಡಿದೆ ಎಂದು ಚಿಕ್ಕಪ್ಪ ಬೆನ್ನು ತಟ್ಟಿದರು. ಬೆಳಿಗ್ಗೆ ಅವರು ಏಳಲಿಲ್ಲ.

ತೋಟದ ಕಾಂಪೌಂಡರು ಬಂದು ಹೃದಯ ನಿಂತಿತು ಎಂದ. ನಮ್ಮ ಮನೆಯಲ್ಲಿ ಇಂದಿಗೂ ಹಾಗೆಯೇ ಹೇಳುತ್ತಾರೆ. 1975ರಲ್ಲಿ ಕೋಝಿಕ್ಕೋಡಿನಲ್ಲಿ ಓದುವಾಗ ರಸಾಯನಶಾಸ್ತ್ರದ ಪಾಠದಲ್ಲಿ ಅಧ್ಯಾಪಕರು ಮುಚ್ಚಿದ ಕೋಣೆಯ ಇದ್ದಲಿನ ಮಾತು ಎತ್ತಿದರು. ಬೆಂಚಿನ ಮೇಲೆ ಕುಳಿತಲ್ಲೇ ನನ್ನ ಬೆರಳಿಗೆ ಆ ಗೋಣಿಯ ಒರಟು ತಾಗಿದಂತಾಯಿತು. ಅಜ್ಜಿ ಆಗ ಇನ್ನೂ ಬದುಕಿದ್ದರು. ಹೇಳಬಹುದಾಗಿತ್ತು. ಹೇಳಲಿಲ್ಲ.

ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹನ್ನೊಂದು ವರ್ಷದ ಹುಡುಗ ಅಲ್ಲವಾ ಅಪ್ಪ" ಎಂದ. ನನ್ನ ಪತ್ನಿ ಏನೂ ಹೇಳದೆ ಎದ್ದು ಹೋಗಿ ಚಹಾ ಮಾಡಿದಳು. ಮರುದಿನ ಅವನು ತಾನಾಗಿಯೇ ಒಂದು ಹಳೆಯ ತಗಡಿನ ಕಪಾಟು ಹುಡುಕಿ ತಂದ.

ಮುಂದಿನ ಶನಿವಾರ, ಭಾನುವಾರ ಇಬ್ಬರೂ ಸೇರಿ ಕೆಲಸ ಮಾಡಿದೆವು. ಕೋಣೆಯ ಹಿಂದಿನ ಗೋಡೆಗೆ ಹೊರಗಿನಿಂದ ಆ ಕಪಾಟನ್ನು ಬಿಗಿದು ಅದರೊಳಗೆ ಹೀಟರ್ ಕೂರಿಸಿದೆವು. ಗೋಡೆಗೆ ಎರಡೇ ತೂತು: ಒಂದರಿಂದ ಕೋಣೆಯ ಗಾಳಿ ಹೋಗುತ್ತದೆ, ಇನ್ನೊಂದರಿಂದ ಬೆಚ್ಚಗಾಗಿ ಬರುತ್ತದೆ. ಹೋಗುವ ನಾಳವನ್ನು ಹೀಟರಿನ ಬಾಯಿಗೇ ಬಿಗಿಯಾಗಿ ಕಟ್ಟಿದೆವು, ಕಪಾಟಿನೊಳಗಿನ ಗಾಳಿಯನ್ನು ಅದು ಎಳೆಯಬಾರದು. ಹೊಗೆಕೊಳವೆ ಕಪಾಟಿನ ತಳದಿಂದ ಇಳಿದು, ಕೋಣೆಯಿಂದ ದೂರಕ್ಕೆ, ಬೇಲಿಯ ಕಡೆಗೆ ಬಾಯಿ ಮಾಡಿತು. ಅದು ಇಳಿಜಾರಾಗಿಯೇ ಇರಬೇಕು, ತಗ್ಗಿನಲ್ಲಿ ಸಣ್ಣ ತೂತೂ ಬೇಕು. ಇಲ್ಲದಿದ್ದರೆ ಒಳಗೆ ಹನಿಗಟ್ಟಿದ ನೀರು ನಿಂತು ಹೊಗೆಯ ದಾರಿ ಕಟ್ಟುತ್ತದೆ. ಉರಿಯುವಾಗ ಆ ಕೊಳವೆ ಮುಟ್ಟಿದರೆ ಚರ್ಮ ಅಂಟುವಷ್ಟು ಕಾಯುತ್ತದೆ, ಆದ್ದರಿಂದ ಉರಿಯದ ನಾರಿನ ಪಟ್ಟಿ ಸುತ್ತಿ, ಮರದಿಂದ ದೂರವಿಟ್ಟೆವು. ಗಾಳಿ ಎಳೆಯುವ ಕೊಳವೆ ಅದರ ಎದುರು ದಿಕ್ಕಿಗೆ. ನೆಲದ ಹಳೆಯ ತೂತುಗಳಿಗೆ ಹಲಗೆ ಹೊಡೆದೆವು. ಬಾಗಿಲ ಮೇಲೆ ಬೆರಳುದ್ದದ ಒಂದು ಕಿಂಡಿಯಿತ್ತು. ಚಳಿ ಬರುತ್ತದೆ, ಮುಚ್ಚಲೇ ಎಂದು ಮಗ ಕೇಳಲಿಲ್ಲ.

ಬಳಕೆಯಲ್ಲಿ ಕಲಿತದ್ದೂ ಇದೆ. ಆರಿಸುವಾಗ ಬ್ಯಾಟರಿಯ ತಂತಿ ಕಿತ್ತುಬಿಡಬಾರದು. ಗುಂಡಿ ಒತ್ತಿದ ಮೇಲೂ ಫ್ಯಾನು ಕೆಲವು ನಿಮಿಷ ತಿರುಗಿ ಮೈ ತಣಿಸಿಕೊಳ್ಳಬೇಕು. ಸದಾ ಸಣ್ಣ ಉರಿಯಲ್ಲೇ ಇಟ್ಟರೆ ಒಳಗೆ ಮಸಿ ಕಟ್ಟುತ್ತದೆ, ಆಗಾಗ ಅರ್ಧ ಗಂಟೆ ಪೂರ್ತಿ ಉರಿಸಬೇಕು. ಬೇಸಿಗೆಯಲ್ಲಿ ಕೊಳವೆಯೊಳಗೆ ಜೇಡ, ಜೇನುಹುಳು ಗೂಡು ಮಾಡುತ್ತವಂತೆ. ಇದನ್ನು ಕೇಳಿದ ನನ್ನ ಪತ್ನಿ ಎರಡು ಸಣ್ಣ ಬಟ್ಟೆಚೀಲ ಹೊಲಿದು, ಒಲೆ ನಿಲ್ಲಿಸುವ ತಿಂಗಳು ಬಾಯಿಗೆ ಕಟ್ಟಬೇಕೆಂದು ಸೊಸೆಯ ಕೈಗೆ ಕೊಟ್ಟಳು. ಮತ್ತೆ ಹಚ್ಚುವ ಮೊದಲು ಬಿಚ್ಚಲು ಮರೆಯದಂತೆ ಕೆಂಪು ಬಟ್ಟೆಯದು.

2023ರ ಫೆಬ್ರವರಿಯಲ್ಲಿ ಕಾಫಿ ಕೊಯ್ಲಿನ ಕೊನೆಗೆ ಊರಿಗೆ ಮರಳಿದೆವು. ಚಿಕ್ಕಪ್ಪನ ವಿಷಯ ನಮ್ಮ ತಂದೆಯ ಕಡೆ ಈಗ ಉಳಿದಿರುವುದು ಸೋದರತ್ತೆ ಒಬ್ಬರೇ. ಪುಳಿಯಾರ್‌ಮಲೆಯ ಬಸದಿಗೆ ಹೋಗಿದ್ದ ದಿನ ಹಾದಿಯಲ್ಲಿ ಅವರ ಮನೆಗೆ ಹೊಕ್ಕು ಹೇಳಿದೆ. ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. "ಅವನಿಗೆ ಚಳಿ ಆಗುತ್ತಲೇ ಇರಲಿಲ್ಲ, ನಮ್ಮೆಲ್ಲರ ಕಂಬಳಿಯೂ ಅವನಿಗೇ ಬೇಕಿತ್ತು" ಎಂದು ತಲೆಕೆಳಗಾಗಿ ಏನೋ ಹೇಳಿ ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದರು.

ಚಳಿಗಾಲದಲ್ಲಿ ಮಗ ಆ ಕೋಣೆಯಿಂದಲೇ ಫೋನು ಮಾಡುತ್ತಾನೆ. ಹಿಂದೆ ಟಕ್, ಟಕ್ ಕೇಳಿಸುತ್ತದೆ. ನಾನು ಏನೂ ಕೇಳುವುದಿಲ್ಲ. ಅವನೇ ಮೊದಲು ಫೋನನ್ನು ಗೋಡೆಯ ಕಡೆ ತಿರುಗಿಸುತ್ತಾನೆ. ಅಲಾರಮಿನ ಮೇಲೆ ಸೊನ್ನೆ ಕಾಣುತ್ತದೆ. ಆಮೇಲೆ ಮಳೆಯ ಸಮಾಚಾರ, ಕಾಫಿಯ ಧಾರಣೆ.